ಗೆದ್ದಾಗ ನಾವು

ಸ್ಮರಣ ಸಂಚಿಕೆಗೊಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಗಡಿನಾಡಿನ ಶಾಲೆಗಳ ಸಂಗತಿಯೋ, ಅಳಿದುಹೋಗುತ್ತಿರುವ ಊರ ಮಾತುಗಳ ಸಂಗತಿಯೋ ಆಗಿದ್ದಿರಬೇಕು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಬ್ಬರು ಕನ್ನಡವನ್ನೂ ಇನ್ನೊಬ್ಬರು ಗಣಿತವನ್ನೂ ಕಲಿಸಿ ನಿವೃತ್ತರಾದ ದಂಪತಿಗಳಿಂದ ಅಂಥದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ನಾವು ಬರೆಯಹೊರಟಿರುವುದು ಅಮೆರಿಕದ ಕಾಲೇಜು ಫುಟ್‌ಬಾಲನ್ನು ಕುರಿತು. ಅದರಲ್ಲಿಯೂ, ನಿಯಮ ಮುರಿದ ತಂಡಗಳ ಮೇಲೆ ಅಲ್ಲಿ ನಡೆಯುವ ವಿಚಾರಣೆಗಳನ್ನೂ ಆ ಹೊತ್ತಿನಲ್ಲಿ ಅಭಿಮಾನಿಗಳಾದವರು ಆಡುವ ಮಾತುಗಳನ್ನೂ ಕುರಿತು. ವಿಷಯ ದೂರದ್ದು. ಓದುತ್ತ ಹೋದಂತೆ ಅಷ್ಟೇನೂ ದೂರದ್ದಲ್ಲವೆಂದು ಕೆಲವರಿಗಾದರೂ ತೋರಬಹುದು.

2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಮಿಷಿಗನ್ ರಾಜ್ಯದ ಆನ್ ಆರ್ಬರ್ ನಗರದಲ್ಲಿರುವ ಮಗಳ ಮನೆಗೆ ಹೋದೆವು. ಆರು ತಿಂಗಳು ಅಲ್ಲಿದ್ದೆವು. ಮಿಷಿಗನ್ ವಿಶ್ವವಿದ್ಯಾಲಯ ಇರುವ ಊರು ಅದು. ಊರಿನ ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿರುವ ಆಸನಗಳು 1,07,601. ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಊರಿನ ಶನಿವಾರಗಳು ಹೇಗಿರುತ್ತವೆಂಬುದು ತಿಳಿಯುತ್ತದೆ. ಬೆಳಗ್ಗೆಯೇ ರಸ್ತೆಯುದ್ದಕ್ಕೂ ಹಳದಿ ನೀಲಿ ಅಂಗಿಗಳು, ಹಳದಿ ನೀಲಿ ಬಾವುಟಗಳು, ಕಾರಿನ ಹಿಂಬಾಗಿಲು ತೆರೆದಿಟ್ಟು ಅಡುಗೆ ಮಾಡಿ ಹಂಚಿ ತಿನ್ನುವ ಮುದುಕರು, ಮಕ್ಕಳು. ಊರ ಜಾತ್ರೆಗೆ ತೇರು ಎಳೆಯುವ ದಿನ ನಮ್ಮಲ್ಲಿ ಕಾಣುವ ಕಳೆ ಅದು.

ಆಟವನ್ನು ಕುರಿತು ಎರಡು ಮಾತು ಹೇಳಬೇಕು. ತೃಕ್ಕರಿಪುರದ ಮೈದಾನಗಳಲ್ಲಿ ನಡೆಯುವ ಸೆವೆನ್ಸ್ ನೋಡಿ ಬೆಳೆದವರಿಗೆ ಅದನ್ನು ಫುಟ್‌ಬಾಲ್ ಎಂದು ಕರೆಯಲು ನಾಲಗೆ ಏಳುವುದಿಲ್ಲ. ಚೆಂಡು ಎಳೆಯ ಗುಜ್ಜೆಯ ಆಕಾರದ್ದು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಆಟ ಕೆಲವು ಸೆಕೆಂಡು ನಡೆದು ನಿಲ್ಲುತ್ತದೆ, ಮತ್ತೆ ಕೆಲವು ಸೆಕೆಂಡು ನಡೆದು ನಿಲ್ಲುತ್ತದೆ. ಪ್ರತಿ ನಿಲುಗಡೆಯಲ್ಲಿಯೂ ಮುಂದಿನ ನಡೆ ಯಾವುದೆಂದು ಮೈದಾನದ ಅಂಚಿನಲ್ಲಿರುವ ಕೋಚ್‌ಗಳು ಆಟಗಾರರಿಗೆ ತಿಳಿಸಬೇಕು. ಲಕ್ಷ ಜನರ ಗದ್ದಲದಲ್ಲಿ ಕೂಗಿದರೆ ಕೇಳಿಸದು. ಆದ್ದರಿಂದ ಕೈಸನ್ನೆ, ಚಿತ್ರದ ಹಲಗೆ. ಕಥಕ್ಕಳಿಯ ಮುದ್ರೆಗಳಂತೆ ಪ್ರತಿ ತಂಡಕ್ಕೂ ತನ್ನದೇ ಸನ್ನೆಗಳ ಭಾಷೆಯಿರುತ್ತದೆ. ಎದುರಾಳಿಯ ಭಾಷೆ ಮೊದಲೇ ತಿಳಿದಿದ್ದರೆ ಅವನ ಮುಂದಿನ ನಡೆಯೂ ತಿಳಿದಂತೆಯೇ.

ಪಂದ್ಯ ನಡೆಯುತ್ತಿರುವಾಗ ಎದುರಾಳಿಯ ಸನ್ನೆಯನ್ನು ಕಣ್ಣಿನಿಂದ ನೋಡಿ ಊಹಿಸುವುದಕ್ಕೆ ಅಲ್ಲಿ ತಡೆಯಿಲ್ಲ. ಮುಂದೆ ತಾನು ಎದುರಿಸಬೇಕಾದ ತಂಡದ ಬೇರೆ ಪಂದ್ಯಗಳಿಗೆ ಜನರನ್ನು ಕಳುಹಿಸಿ ಬೇಹು ನೋಡುವುದನ್ನು ಮಾತ್ರ 1994ರಿಂದ ನಿಷೇಧಿಸಲಾಗಿದೆ. 2023ರ ಅಕ್ಟೋಬರಿನಲ್ಲಿ ಹೊರಬಿದ್ದ ಸುದ್ದಿ ಅದೇ. ಮಿಷಿಗನ್ ತಂಡದ ಸಿಬ್ಬಂದಿಯಲ್ಲಿ ಕೆಳಗಿನ ಹುದ್ದೆಯಲ್ಲಿದ್ದ ಕಾನರ್ ಸ್ಟಾಲಿಯನ್ಸ್ ಎಂಬಾತ ಎದುರಾಳಿಗಳ ಪಂದ್ಯಗಳಿಗೆ ತನ್ನ ಹೆಸರಿನಲ್ಲಿಯೇ ಟಿಕೆಟು ಕೊಂಡು, ಪರಿಚಿತರನ್ನು ಅಲ್ಲಿ ಕೂರಿಸಿ, ಕೋಚ್‌ಗಳ ಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದನಂತೆ. ಮೂರು ಋತುಗಳಲ್ಲಿ ಐವತ್ತಕ್ಕೂ ಹೆಚ್ಚು ಬಾರಿ ಹೀಗೆ ನಡೆಯಿತೆಂದು ಕಡೆಯಲ್ಲಿ ತೀರ್ಮಾನವಾಯಿತು.

ನಮ್ಮ ಮಗಳ ಮನೆಯಲ್ಲಿ ಈ ಸುದ್ದಿ ಬೇರೆಯೇ ಒಂದು ತೊಡಕನ್ನು ಹುಟ್ಟಿಸಿತು. ಮೊಮ್ಮಗಳು ಆಗ ಅದೇ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಅಳಿಯಂದಿರು ಓದಿದ್ದು ಪಕ್ಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಈ ಎರಡು ತಂಡಗಳ ನಡುವಣ ಹಗೆ 1897ರಿಂದ ಮೈದಾನದಲ್ಲಿ ನಡೆದುಬಂದಿದೆ. ಪಂದ್ಯದ ವಾರ ಕೊಲಂಬಸ್‌ನ ಆವರಣದಲ್ಲಿ ಎಲ್ಲೆಲ್ಲಿ ಇಂಗ್ಲಿಷಿನ ಎಂ ಅಕ್ಷರವಿದೆಯೋ ಅಲ್ಲೆಲ್ಲ ಕೆಂಪು ಟೇಪಿನಿಂದ ಕಾಟು ಹೊಡೆಯುತ್ತಾರೆ. ಮಿಷಿಗನ್ ಎಂಬ ಹೆಸರು ಆ ಅಕ್ಷರದಿಂದ ಆರಂಭವಾಗುತ್ತದೆಂಬುದೇ ಅದರ ಅಪರಾಧ. ಮಗಳು ಮಿಷಿಗನ್ನಿಗೆ ಸೇರಿದ ದಿನ ತಂದೆ ಒಂದು ಹೊತ್ತು ಊಟ ಬಿಟ್ಟರೆಂದು ನಮ್ಮ ಮಗಳು ಹೇಳುತ್ತಾಳೆ. ಅಳಿಯಂದಿರು ಅದನ್ನು ಒಪ್ಪುವುದಿಲ್ಲ.

ಸುದ್ದಿ ಬಂದ ಮೊದಲ ದಿನ ಮೊಮ್ಮಗಳು, "ಇದೆಲ್ಲ ಸುಳ್ಳು ಅಜ್ಜಾ, ಅಪ್ಪನ ಕಡೆಯವರು ಕಟ್ಟಿದ ಕತೆ" ಎಂದಳು. ಟಿಕೆಟಿನ ದಾಖಲೆಗಳು ಹೊರಬಂದ ಮೇಲೆ, "ಅವನೊಬ್ಬ ಹುಚ್ಚ, ತಾನಾಗಿಯೇ ಮಾಡಿದ್ದು" ಎಂದಳು. ಒಂದು ವಾರ ಕಳೆಯುವುದರೊಳಗೆ, ಎಲ್ಲ ತಂಡಗಳೂ ಒಂದಲ್ಲ ಒಂದು ರೀತಿಯಲ್ಲಿ ಸನ್ನೆ ಕದಿಯುತ್ತವೆ ಎಂಬಲ್ಲಿಗೆ ಮಾತು ಬಂದಿತು. ಆಮೇಲೆ, ಕದ್ದರೂ ಅದರಿಂದ ಲಾಭವಾದದ್ದು ಏನೂ ಇಲ್ಲ ಎಂದಾಯಿತು. ನಮ್ಮಲ್ಲಿ ಗಣಿತ ಕಲಿಸಿದವರಿಗೆ ಇದು ಸಹಿಸಲಾಗಲಿಲ್ಲ. ಈ ನಾಲ್ಕು ಹೇಳಿಕೆಗಳೂ ಏಕಕಾಲದಲ್ಲಿ ನಿಜವಾಗಿರಲು ಸಾಧ್ಯವಿಲ್ಲವಲ್ಲ ಮಗಾ ಎಂದು ಕೇಳಿದೆವು. ಅವಳು ನಕ್ಕಳು, ಆದರೆ ಒಂದನ್ನೂ ಬಿಟ್ಟುಕೊಡಲಿಲ್ಲ.

ಮಗುವನ್ನು ದೂರುವುದು ನಮ್ಮ ಉದ್ದೇಶವಲ್ಲ. ಊರಿಗೆ ಊರೇ ಆ ಮಾತುಗಳನ್ನು ಅದೇ ಕ್ರಮದಲ್ಲಿ ಆಡುತ್ತಿತ್ತು. ಕ್ಷೌರದಂಗಡಿಯಲ್ಲಿ, ಗ್ರಂಥಾಲಯದ ಮೆಟ್ಟಿಲಲ್ಲಿ, ಸಂಜೆ ನಾಯಿ ಹಿಡಿದುಕೊಂಡು ನಡೆಯುವ ನೆರೆಯ ಮುದುಕರ ಬಾಯಲ್ಲಿ. ನವೆಂಬರ್ 10ರಂದು ಬಿಗ್ ಟೆನ್ ಒಕ್ಕೂಟವು ಮುಖ್ಯ ಕೋಚ್ ಜಿಮ್ ಹಾರ್ಬಾ ಅವರನ್ನು ಋತುವಿನ ಉಳಿದ ಮೂರು ಪಂದ್ಯಗಳಿಂದ ಹೊರಗಿಟ್ಟಿತು. ಮಾರನೆಯ ದಿನವೇ ಪೆನ್ ಸ್ಟೇಟ್ ವಿರುದ್ಧದ ಪಂದ್ಯ. ಅದನ್ನು 24-15ರಿಂದ ಗೆದ್ದ ಮೇಲೆ, ಹಾರ್ಬಾ ಅವರ ಸ್ಥಾನದಲ್ಲಿ ನಿಂತಿದ್ದ ಶೆರೋನ್ ಮೂರ್ ದೂರದರ್ಶನದ ಮುಂದೆ ಬಿಕ್ಕಿಬಿಕ್ಕಿ ಅತ್ತರು. ಅಂದಿನಿಂದ ವಿಚಾರಣೆಯ ವಿಷಯ ಹಿಂದೆ ಸರಿದು, ನಮಗೆ ಅನ್ಯಾಯವಾಗಿದೆ ಎಂಬ ವಿಷಯ ಮುಂದೆ ಬಂದಿತು. 'ಮಿಷಿಗನ್ ವರ್ಸಸ್ ಎವೆರಿಬಡಿ' ಎಂದು ಅಚ್ಚು ಹಾಕಿದ ಅಂಗಿಗಳು ಊರ ತುಂಬ ಕಾಣಿಸಿಕೊಂಡವು. ಮಿಷಿಗನ್ ಒಂದು ಕಡೆ, ಮಿಕ್ಕ ಲೋಕವೆಲ್ಲ ಇನ್ನೊಂದು ಕಡೆ ಎಂದರ್ಥ. ಮೊಮ್ಮಗಳು ನಮಗೂ ಒಂದೊಂದು ತಂದುಕೊಟ್ಟಳು. ಚಳಿಗೆ ಒಳ್ಳೆಯದಾಗಿತ್ತು, ತೊಟ್ಟುಕೊಂಡೆವು. ಅಳಿಯಂದಿರು ಮಾತನಾಡಲಿಲ್ಲ.

ಅವರಾದರೋ ಆ ತಿಂಗಳೆಲ್ಲ ಧರ್ಮರಾಯನ ಪಾತ್ರಧಾರಿಯಂತೆ ಗಂಭೀರರಾಗಿದ್ದರು. ನಿಯಮ ನಿಯಮವೇ, ಮೋಸ ಮೋಸವೇ ಎನ್ನುತ್ತಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ಟ್ರೆಸೆಲ್ ಎಂಬ ಹೆಸರನ್ನು ಎತ್ತಿದಳು. ಮೇಜು ನಿಶ್ಶಬ್ದವಾಯಿತು. ಜಿಮ್ ಟ್ರೆಸೆಲ್ ಎಂದರೆ ಹತ್ತು ವರ್ಷ ಒಹಾಯೊ ಸ್ಟೇಟ್ ತಂಡದ ಕೋಚ್ ಆಗಿದ್ದವರು. ಅವರ ಕೆಲವು ಆಟಗಾರರು ತಮಗೆ ಬಹುಮಾನವಾಗಿ ಬಂದ ಉಂಗುರ, ಅಂಗಿ ಮುಂತಾದವುಗಳನ್ನು ಹಚ್ಚೆಯಂಗಡಿಯವನೊಬ್ಬನಿಗೆ ಕೊಟ್ಟು ಹಣವನ್ನೂ ಪುಕ್ಕಟೆ ಹಚ್ಚೆಯನ್ನೂ ಪಡೆದಿದ್ದರು. ಕಾಲೇಜು ಆಟಗಾರ ಆಟದಿಂದ ಬಿಡಿಗಾಸನ್ನೂ ಸಂಪಾದಿಸಬಾರದೆಂಬುದು ಆಗಿನ ನಿಯಮ. ಸಂಗತಿ ತಿಳಿದಿದ್ದೂ ಟ್ರೆಸೆಲ್ ತಿಂಗಳುಗಟ್ಟಲೆ ಮುಚ್ಚಿಟ್ಟರು. ಗೊತ್ತಾದ ಮೇಲೆ 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. 2010ರ ಗೆಲುವುಗಳು ದಾಖಲೆಯಿಂದ ಅಳಿಸಿಹೋದವು. 2012ರಲ್ಲಿ ಹೊಸ ಕೋಚ್ ಅಡಿಯಲ್ಲಿ ತಂಡ ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದಿತು, ಆದರೆ ಶಿಕ್ಷೆಯ ಕಾರಣ ಋತುವಿನ ಕೊನೆಯ ದೊಡ್ಡ ಪಂದ್ಯಗಳಿಗೆ ಪ್ರವೇಶವಿರಲಿಲ್ಲ.

ಆ ವರ್ಷದ ನವೆಂಬರ್ 24ರಂದು ಕೊಲಂಬಸ್‌ನಲ್ಲಿ ಮಿಷಿಗನ್ ವಿರುದ್ಧ ಪಂದ್ಯ. ಹತ್ತು ವರ್ಷಗಳ ಹಿಂದೆ ಚಾಂಪಿಯನ್ ಆಗಿದ್ದ ತಂಡವನ್ನು ಅಂದು ಮೈದಾನಕ್ಕೆ ಕರೆದು ಗೌರವಿಸಲಾಯಿತು. ಆ ಹಳೆಯ ಆಟಗಾರರು ಟ್ರೆಸೆಲ್ ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಕ್ರೀಡಾಂಗಣವೆಲ್ಲ ಎದ್ದು ನಿಂತು ಜಯಕಾರ ಹಾಕಿತು. ಯಾರ ದೆಸೆಯಿಂದ ಈ ಗೆಲ್ಲುವ ತಂಡ ಮುಂದಿನ ಪಂದ್ಯಗಳನ್ನು ಕಳೆದುಕೊಂಡಿತ್ತೋ ಅವರಿಗೇ ಜಯಕಾರ. ಅಳಿಯಂದಿರು ಅಂದು ಅಲ್ಲಿದ್ದರು. ಒಂಬತ್ತು ವರ್ಷದ ಮಗಳನ್ನು ಎತ್ತಿ ತೋರಿಸಿದ್ದರಂತೆ. "ನನಗೆ ನೆನಪಿದೆ, ಅಪ್ಪ ಅತ್ತಿದ್ದರು" ಎಂದಳು ಮೊಮ್ಮಗಳು. "ಅದು ಬೇರೆ" ಎಂದರು ಅಳಿಯಂದಿರು. ಇನ್ನೊಂದು ದೋಸೆ ಹಾಕಲೋ ಎಂದು ನಮ್ಮ ಮಗಳು ಕೇಳಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆ ಟ್ರೆಸೆಲ್ 2025ರಿಂದ ಒಹಾಯೊ ರಾಜ್ಯದ ಲೆಫ್ಟಿನೆಂಟ್ ಗವರ್ನರ್.

'ಅದು ಬೇರೆ' ಎಂಬ ಮಾತು ಪೂರ್ತಿ ಸುಳ್ಳಲ್ಲವೆಂದು ನಮಗೆ ಈಗಲೂ ಅನಿಸುತ್ತದೆ. ಕಾಲೇಜು ಫುಟ್‌ಬಾಲಿನ ನಿಯಮಗಳಲ್ಲಿ ಎರಡು ಬಗೆಯವು ಒಂದೇ ಪುಸ್ತಕದಲ್ಲಿ ಸೇರಿಕೊಂಡಿವೆ. ಒಂದು, ಎದುರಾಳಿಗೆ ಮೋಸ ಮಾಡಬಾರದೆಂಬುದು. ಇನ್ನೊಂದು, ಆಡುವ ಹುಡುಗನಿಗೆ ಹಣ ಕೊಡಬಾರದೆಂಬುದು. ಕೋಚ್‌ಗೆ ಲಕ್ಷಾಂತರ ಡಾಲರ್ ಸಂಬಳ, ವಿಶ್ವವಿದ್ಯಾಲಯಕ್ಕೆ ದೂರದರ್ಶನದಿಂದ ಕೋಟ್ಯಂತರ ಡಾಲರ್ ಆದಾಯ, ಎಲುಬು ಮುರಿಸಿಕೊಳ್ಳುವವನಿಗೆ ಮಾತ್ರ ವಿದ್ಯಾರ್ಥಿವೇತನವೇ ಸಾಕು ಎಂಬ ಆ ಎರಡನೆಯ ನಿಯಮವನ್ನು ಸಮರ್ಥಿಸುವುದು ನಮ್ಮಿಂದಾಗದು. ಅದು ಈಗ ಬಿದ್ದೂ ಹೋಗಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು, ವರ್ಷಕ್ಕೆ ಎರಡು ಕೋಟಿ ಡಾಲರಿಗೂ ತುಸು ಮೀರಿ. ಕುಟುಂಬದವರು ಏಜೆಂಟರಾಗಲು ಬಯಸಿದವರಿಂದ ಸಹಾಯ ಪಡೆದರೆಂಬ ಕಾರಣಕ್ಕೆ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರೆಜಿ ಬುಷ್ 2010ರಲ್ಲಿ ಹೈಸ್ಮನ್ ಪ್ರಶಸ್ತಿಯನ್ನೇ ಬಿಟ್ಟುಕೊಡಬೇಕಾಗಿತ್ತು. 2024ರ ಏಪ್ರಿಲಿನಲ್ಲಿ ಅದನ್ನು ಅವರಿಗೆ ಮರಳಿಸಿದರು. ನಿನ್ನೆಯ ಅಪರಾಧ ಇಂದಿನ ಕರಾರುಪತ್ರ.

ಆದರೆ ಅಭಿಮಾನಿ ಈ ಭೇದವನ್ನು ನೋಡಿ 'ಅದು ಬೇರೆ' ಎನ್ನುವುದಿಲ್ಲ. ತನ್ನ ತಂಡದ್ದಾದರೆ ಬೇರೆ, ಎದುರಾಳಿಯದ್ದಾದರೆ ಮೋಸ. ನಮ್ಮ ಕಲೋತ್ಸವಗಳಲ್ಲಿ ತೀರ್ಪು ಹೊರಬೀಳುವ ಮುನ್ನವೇ ಅಪೀಲಿನ ಅರ್ಜಿ ಬರೆದಿಟ್ಟುಕೊಂಡ ಹೆತ್ತವರನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಮಾತಿನ ಒಂದು ಸೂಕ್ಷ್ಮ ಇಲ್ಲಿದೆ. ಮೊಮ್ಮಗಳು ಶಾಲೆಯಲ್ಲಿ ಕಲಿಯದೆ ಮನೆಯಲ್ಲಿಯೇ ಕಲಿತ ಕನ್ನಡದಲ್ಲಿ, "ನಾವು ಗೆದ್ದೆವು" ಎನ್ನುತ್ತಿದ್ದಳು. ಅವಳು ಚೆಂಡು ಮುಟ್ಟಿದವಳಲ್ಲ. ಕನ್ನಡದ 'ನಾವು' ಎಂಬ ಪದ ಕೇಳುವವನನ್ನು ಒಳಗೆ ಸೇರಿಸಿಕೊಂಡಿದೆಯೋ ಹೊರಗಿಟ್ಟಿದೆಯೋ ಹೇಳುವುದಿಲ್ಲ. ನಮ್ಮ ಕಾಸರಗೋಡಿನ ಉಳಿದ ಭಾಷೆಗಳು ಹೇಳುತ್ತವೆ. ತುಳುವಿನಲ್ಲಿ ನೀವೂ ಸೇರಿದ್ದರೆ 'ನಮ', ನೀವು ಹೊರಗಿದ್ದರೆ 'ಎಂಕುಳು'. ಮಲಯಾಳದಲ್ಲಿ 'ನಮ್ಮಳ್', 'ಞಙ್ಙಳ್'. ಗೆದ್ದ ಶನಿವಾರಗಳಲ್ಲಿ ಆನ್ ಆರ್ಬರ್‌ನ 'ನಾವು' ತುಳುವಿನ 'ನಮ' ಆಗಿರುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕುಳಿತ ನಮ್ಮಂಥ ಪರದೇಶಿಗಳನ್ನೂ ತಬ್ಬಿಕೊಳ್ಳುತ್ತಿತ್ತು. ವಿಚಾರಣೆಯ ಸುದ್ದಿ ಬಂದ ದಿನ ಅದು 'ಎಂಕುಳು' ಆಯಿತು. ತಪ್ಪಿನ ಮಾತು ಬಂದಾಗಲಂತೂ 'ನಾವು' ಎಂಬುದೇ ಇರಲಿಲ್ಲ. ಗೆದ್ದಾಗ ನಾವು, ಸಿಕ್ಕಿಬಿದ್ದಾಗ ಅವನು.

ಆದರೆ ಆ 'ಅವನು' ಯಾರು? ಸ್ಟಾಲಿಯನ್ಸ್ ಹೊರಗಿನಿಂದ ಬಂದ ಕಳ್ಳನಲ್ಲ. ಮಿಷಿಗನ್ ರಾಜ್ಯದಲ್ಲಿಯೇ ಬೆಳೆದು, ಚಿಕ್ಕಂದಿನಿಂದ ಆ ತಂಡದ ಕೋಚ್ ಆಗುವ ಕನಸು ಕಂಡವನು. ನೌಕಾ ಅಕಾಡೆಮಿಯಲ್ಲಿ ಓದಿ ಮರೀನ್ ದಳದಲ್ಲಿ ಅಧಿಕಾರಿಯಾಗಿದ್ದಾಗಲೂ ಅವನ ಮನಸ್ಸು ಆ ಹಳದಿ ನೀಲಿಯಲ್ಲಿಯೇ ಇತ್ತು. ಅಂದರೆ ಊರಿನ ಎಲ್ಲ ಅಭಿಮಾನಿಗಳಿಗಿಂತ ಹೆಚ್ಚಿನ ಅಭಿಮಾನಿ. ನಿಯಮ ಮುರಿದದ್ದು ಅಭಿಮಾನದ ಕೊರತೆಯಿಂದಲ್ಲ, ಅದರ ಅತಿರೇಕದಿಂದ. ಈ ಒಂದು ಸಂಗತಿಯನ್ನು ಊರಿನಲ್ಲಿ ಯಾರೂ ಆಡಿದ್ದನ್ನು ನಾವು ಕೇಳಲಿಲ್ಲ.

ಇದಕ್ಕಿಂತ ದೊಡ್ಡ ನಿದರ್ಶನ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ್ದು. ಅಲ್ಲಿಯ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಗಾತ್ರದಲ್ಲಿ ಸಣ್ಣದು, ಹಣದಲ್ಲಿ ದೊಡ್ಡದು. 1980ರ ದಶಕದ ಆರಂಭದಲ್ಲಿ ಅದರ ಫುಟ್‌ಬಾಲ್ ತಂಡ ರಾಜ್ಯದ ದೈತ್ಯ ವಿಶ್ವವಿದ್ಯಾಲಯಗಳನ್ನು ಸೋಲಿಸುತ್ತ ಮೇಲೇರಿತು. ಏರಿದ ಬಗೆಯೇನೆಂದರೆ, ಶ್ರೀಮಂತ ಅಭಿಮಾನಿಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದರು, ಶಿಕ್ಷೆಯಾಯಿತು. 1985ರಲ್ಲಿ ಮತ್ತೊಮ್ಮೆ ಶಿಕ್ಷೆಯಾಯಿತು. ಆಗ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಹಿರಿಯರು ಸೇರಿ ಯೋಚಿಸಿದರು. ಹಣ ಕೊಡುವುದನ್ನು ಒಮ್ಮೆಗೇ ನಿಲ್ಲಿಸಿದರೆ ಮಾತು ಕೊಟ್ಟಿದ್ದ ಹುಡುಗರು ಬಾಯಿ ಬಿಟ್ಟಾರು. ಆದ್ದರಿಂದ ಹೊಸಬರಿಗೆ ಕೊಡುವುದು ಬೇಡ, ಹಳಬರಿಗೆ ಅವರು ಓದು ಮುಗಿಸಿ ಹೋಗುವತನಕ ಕೊಡುತ್ತಿರೋಣ ಎಂದು ತೀರ್ಮಾನಿಸಿದರು. ಈ ತೀರ್ಮಾನಕ್ಕೆ ಒಪ್ಪಿಗೆಯಿತ್ತವರಲ್ಲಿ ಒಬ್ಬರು ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್. 1987ರ ಮಾರ್ಚಿನಲ್ಲಿ ಅವರು ಇದನ್ನು ಸಾರ್ವಜನಿಕವಾಗಿ ಒಪ್ಪಿಕೊಂಡಾಗ ಟೆಕ್ಸಾಸ್ ರಾಜ್ಯದ ಗವರ್ನರ್ ಆಗಿದ್ದರು.

ಅದಕ್ಕೆ ಮುಂಚೆಯೇ, 1987ರ ಫೆಬ್ರವರಿ 25ರಂದು, ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್ ತನ್ನ ತೀರ್ಪನ್ನು ಹೇಳಿತ್ತು. ಅಮೆರಿಕದ ಕಾಲೇಜು ಕ್ರೀಡೆಗಳನ್ನೆಲ್ಲ ನಡೆಸುವ ಸಂಸ್ಥೆ ಅದು. ಅದರ ಸ್ವರೂಪ ವಿಚಿತ್ರವಾದದ್ದು. ಸದಸ್ಯರು ವಿಶ್ವವಿದ್ಯಾಲಯಗಳೇ, ನಿಯಮ ಮಾಡುವವರೂ ಅವರೇ, ಮುರಿಯುವವರೂ ಅವರೇ, ವಿಚಾರಣೆ ನಡೆಸಿ ಶಿಕ್ಷೆ ಕೊಡುವ ಸಮಿತಿಯಲ್ಲಿ ಕೂರುವವರೂ ಬಹುಮಟ್ಟಿಗೆ ಅವರ ಕಡೆಯವರೇ. ನ್ಯಾಯಾಲಯದಂತೆ ಸಮನ್ಸು ಕಳುಹಿಸಿ ಸಾಕ್ಷಿ ಕರೆಸುವ ಅಧಿಕಾರ ಅದಕ್ಕಿಲ್ಲ. ಹೇಳುವವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಲ್ಲಾಸಿನಲ್ಲಿ ಹೇಳುವವರು ಸಿಕ್ಕಿದರು. ಹದಿಮೂರು ಆಟಗಾರರಿಗೆ ಸುಮಾರು 61,000 ಡಾಲರ್ ಸಂದಾಯವಾಗಿತ್ತೆಂದು ಸಾಬೀತಾಯಿತು. 1987ರ ಋತು ಪೂರ್ತಿ ರದ್ದು. 1988ರಲ್ಲಿ ಊರಿನ ಹೊರಗೆ ಮಾತ್ರ ಆಡಬಹುದೆಂದಿದ್ದರು, ತಂಡ ಕಟ್ಟಲಾಗದೆ ವಿಶ್ವವಿದ್ಯಾಲಯವೇ ಅದನ್ನೂ ಬಿಟ್ಟುಬಿಟ್ಟಿತು. 'ಮರಣದಂಡನೆ' ಎಂದೇ ಆ ಶಿಕ್ಷೆಗೆ ಹೆಸರು. ಫುಟ್‌ಬಾಲಿನ ಯಾವ ದೊಡ್ಡ ತಂಡಕ್ಕೂ ಆ ಮೇಲೆ ಅದನ್ನು ವಿಧಿಸಿಲ್ಲ.

ಕಾರಣವೇನೆಂಬುದು 1989ರಲ್ಲಿ ಕಾಣಿಸಿತು. ಹಣ ಪಡೆದವರು ಬೇರೆ ಕಾಲೇಜುಗಳಿಗೆ ಹೋಗಿ ಆಡಿದರು. ಹಣ ಕೊಟ್ಟವರು ತಮ್ಮ ತೈಲ ಕಂಪೆನಿಗಳಲ್ಲಿ, ಬ್ಯಾಂಕುಗಳಲ್ಲಿ ಇದ್ದೇ ಇದ್ದರು. ಗವರ್ನರ್ ತಮ್ಮ ಅವಧಿ ಮುಗಿಸಿದರು. ಎರಡು ವರ್ಷದ ಮೌನದ ಬಳಿಕ ಮೈದಾನಕ್ಕಿಳಿದವರು ಹೆಚ್ಚಾಗಿ ಮೊದಲ ವರ್ಷದ ಹುಡುಗರು. ಪಾಪದ ಹಣ ಕೈ ಬದಲಾಯಿಸುತ್ತಿದ್ದಾಗ ಹದಿನಾಲ್ಕೋ ಹದಿನೈದೋ ವರ್ಷದವರಾಗಿದ್ದವರು. ಹ್ಯೂಸ್ಟನ್ ತಂಡ ಅವರನ್ನು 95-21ರಿಂದ ಸೋಲಿಸಿತು. ಈ ಅಂಕಿಯನ್ನು ಅಳಿಯಂದಿರ ಬಾಯಿಂದ ಕೇಳಿದಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಶಾಲೆಯಲ್ಲಿ ಹಿರಿಯ ತರಗತಿಯವರು ಒಡೆದ ಗಾಜಿಗೆ ಕಿರಿಯರನ್ನು ಬಿಸಿಲಲ್ಲಿ ನಿಲ್ಲಿಸಿದ ಹಾಗೆ. ಋತುವೊಂದರಲ್ಲಿ ಸೋಲಿಗಿಂತ ಗೆಲುವು ಹೆಚ್ಚಾಗಲು ಆ ತಂಡ 1997ರವರೆಗೆ ಕಾಯಬೇಕಾಯಿತು.

ಡಲ್ಲಾಸಿನ ಅಭಿಮಾನಿಗಳು ಆಡಿದ ಮಾತು ನಿಮಗೆ ಈಗಾಗಲೇ ಗೊತ್ತಿದೆ: ಎಲ್ಲರೂ ಕೊಡುತ್ತಿದ್ದರು, ನಮ್ಮನ್ನು ಮಾತ್ರ ಗಲ್ಲಿಗೇರಿಸಿದರು. ಸುತ್ತಮುತ್ತಲಿನ ತಂಡಗಳಿಗೂ ಆ ದಶಕದಲ್ಲಿ ಶಿಕ್ಷೆಗಳಾದುದರಿಂದ ಆ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಮುಂದಿನ ಕತೆ ಇನ್ನೂ ಸ್ವಾರಸ್ಯಕರ. 2023ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ದೊಡ್ಡ ಒಕ್ಕೂಟವೊಂದಕ್ಕೆ ಸೇರುವ ಅವಕಾಶ ಬಂದಿತು. ಆದರೆ ಒಂಬತ್ತು ವರ್ಷ ದೂರದರ್ಶನದ ಪಾಲು ಕೇಳಬಾರದೆಂಬ ಕರಾರು. ಅಭಿಮಾನಿಗಳು ಒಂದೇ ವಾರದಲ್ಲಿ ಹತ್ತು ಕೋಟಿ ಡಾಲರ್ ಕೂಡಿಸಿಕೊಟ್ಟರು. ಮರುವರ್ಷವೇ ತಂಡ ರಾಷ್ಟ್ರಮಟ್ಟದ ಅಂತಿಮ ಸುತ್ತುಗಳಿಗೆ ಏರಿತು. ಅಂದು ಮರಣದಂಡನೆ ತಂದ ಅದೇ ಪ್ರೀತಿ, ಅದೇ ಹಣ. ಈಗ ಅದಕ್ಕೆ ರಸೀದಿ ಉಂಟು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣವನ್ನು ಈ ಸಾಲಿನಲ್ಲಿ ಹೇಳುವುದು ಸರಿಯೋ ಅಲ್ಲವೋ ಎಂದು ನಾವು ಬಹಳ ಯೋಚಿಸಿದೆವು. ಅಲ್ಲಿ ನಡೆದದ್ದು ಆಟದ ನಿಯಮಭಂಗವಲ್ಲ, ಮಕ್ಕಳ ಮೇಲಿನ ಘೋರ ಅಪರಾಧ. ಹಿಂದೆ ಸಹಾಯಕ ಕೋಚ್ ಆಗಿದ್ದವನೊಬ್ಬನಿಗೆ ಅದಕ್ಕಾಗಿ ಸೆರೆಮನೆಯಾಯಿತು. ಆದರೂ 2011ರ ನವೆಂಬರ್ 9ರ ರಾತ್ರಿ, ಸಾಕಷ್ಟು ಮಾಡಲಿಲ್ಲವೆಂಬ ಕಾರಣಕ್ಕೆ ಮುದಿ ಕೋಚ್ ಜೋ ಪಟರ್ನೊ ಅವರನ್ನು ವಜಾ ಮಾಡಿದಾಗ ವಿದ್ಯಾರ್ಥಿಗಳು ಸಾವಿರಾರು ಮಂದಿ ಬೀದಿಗಿಳಿದು ದೂರದರ್ಶನದವರ ವ್ಯಾನನ್ನು ಉರುಳಿಸಿದರು. ಸುದ್ದಿ ತಂದವರ ವಾಹನವನ್ನು. ಅದಕ್ಕಿಂತ ಹೆಚ್ಚು ಹೇಳಲು ನಮಗೆ ಮನಸ್ಸಿಲ್ಲ.

ಒಂದು ಶನಿವಾರ ಅಳಿಯಂದಿರು ನಮ್ಮನ್ನು ಕಾರಿನಲ್ಲಿ ಕೊಲಂಬಸ್ಸಿಗೆ ಕರೆದೊಯ್ದರು. ದಾರಿಯಲ್ಲಿ ಟೊಲೀಡೊ ಎಂಬ ನಗರ. ಅದು ಒಹಾಯೊಗೆ ಸೇರಿದ್ದು. "ಮಾವಾ, ಈ ಊರಿಗಾಗಿ ಎರಡು ರಾಜ್ಯಗಳು ಯುದ್ಧಕ್ಕೆ ನಿಂತಿದ್ದವು" ಎಂದರು. 1835ರಲ್ಲಿ ಗಡಿರೇಖೆಯ ನಕ್ಷೆಯ ಗೊಂದಲದಿಂದ ಎರಡೂ ಕಡೆಯವರು ಆ ಪಟ್ಟಿ ನಮ್ಮದೆಂದು ಸೈನ್ಯ ಕೂಡಿಸಿದರಂತೆ. ಸಾವು ಸಂಭವಿಸಲಿಲ್ಲ, ಒಬ್ಬ ಅಧಿಕಾರಿಗೆ ಪೆನ್ನು ಹೆರೆಯುವ ಚಾಕುವಿನ ಇರಿತವಾದದ್ದೇ ಆ ಯುದ್ಧದ ರಕ್ತಪಾತ. ಕಾಂಗ್ರೆಸ್ ಆ ಪಟ್ಟಿಯನ್ನು ಒಹಾಯೊಗೆ ಕೊಟ್ಟು, ಮಿಷಿಗನ್ನಿಗೆ ಉತ್ತರದ ಕಾಡುಭೂಮಿಯನ್ನು ಕೊಟ್ಟು ಸಮಾಧಾನ ಮಾಡಿತು. ಆ ಕಾಡಿನಲ್ಲಿ ಆಮೇಲೆ ತಾಮ್ರ ಕಬ್ಬಿಣಗಳು ಸಿಕ್ಕಿದವೆಂಬುದು ಬೇರೆ ಮಾತು. ಗಡಿಯ ಕತೆ ಎಂದರೆ ಕಿವಿ ನಿಮಿರುವ ಜನ ನಾವು. 1956ರ ನವೆಂಬರ್ 1ರಂದು ಒಂದು ಗೆರೆ ಎಳೆದಾಗ ಏನಾಗುತ್ತದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಹಾಜನ ಆಯೋಗದ ವರದಿಯ ಮಾತು ಬಂದರೆ ನಮ್ಮ ಜಗಲಿಗಳಲ್ಲಿ ಈಗಲೂ ಕಾಫಿ ಆರಿಹೋಗುತ್ತದೆ.

ಆದುದರಿಂದಲೇ ಆ ಅಂಗಿಯ ಬರಹ ನಮಗೆ ಅಷ್ಟು ಬೇಗ ಅರ್ಥವಾಯಿತೆಂದು ತೋರುತ್ತದೆ. ನಾವೊಂದು ಕಡೆ, ಮಿಕ್ಕವರೆಲ್ಲ ಇನ್ನೊಂದು ಕಡೆ ಎಂಬ ಭಾವ ಗಡಿಯಲ್ಲಿ ಬದುಕುವವರ ಮೈಗೆ ಅಂಟಿಕೊಂಡದ್ದು. ಅದಕ್ಕೆ ಕಾರಣಗಳಿವೆ, ಅವು ಸುಳ್ಳಲ್ಲ. ಆದರೆ ಆ ಅಂಗಿ ತೊಟ್ಟವನಿಗೆ ಒಂದು ಅನುಕೂಲವುಂಟು: ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ, ಕೇಳಿದವನು ಯಾವ ಕಡೆಯವನೆಂದು ವಿಚಾರಿಸಿದರೆ ಸಾಕು. ಬಹಳ ವರ್ಷಗಳ ಹಿಂದೆ ಗಡಿಯಾಚೆಯ ಒಂದು ಕನ್ನಡ ಸಂಸ್ಥೆಯ ಮಹಾಸಭೆಯಲ್ಲಿ ನಾವಿದ್ದೆವು. ಹೆಸರು ಬೇಡ. ವಯಸ್ಸಾದ ಸದಸ್ಯರೊಬ್ಬರು ಎದ್ದು ಕಟ್ಟಡ ನಿಧಿಯ ಲೆಕ್ಕ ಎರಡು ವರ್ಷದಿಂದ ಬಂದಿಲ್ಲವಲ್ಲ ಎಂದು ಕೇಳಿದರು. ಕನ್ನಡಕ್ಕೆ ಇಷ್ಟು ಕಷ್ಟಕಾಲವಿರುವಾಗ ಒಳಗಿನವರೇ ಹೀಗೆ ಮಾಡಿದರೆ ಹೇಗೆ ಎಂದು ವೇದಿಕೆಯಿಂದ ಉತ್ತರ ಬಂದಿತು. ಜನ ಚಪ್ಪಾಳೆ ತಟ್ಟಿದರು. ಆರು ತಿಂಗಳ ಮೇಲೆ ರಸೀದಿಗಳೆಲ್ಲ ಯಾರದೋ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕವು. ಲೆಕ್ಕ ಕಾಸಿಗೆ ಕಾಸು ಸರಿಯಾಗಿತ್ತು. ಕೇಳಿದ ಆ ಹಿರಿಯರು ಮಾತ್ರ ಮತ್ತೆ ಸಭೆಗೆ ಬರಲಿಲ್ಲ. ಲೆಕ್ಕ ಸರಿಯಿದ್ದ ಸುದ್ದಿಯನ್ನು ಅವರಿಗೆ ಯಾರಾದರೂ ಹೋಗಿ ಹೇಳಿದರೆ?

ನವೆಂಬರ್ 25ರಂದು ಮಿಷಿಗನ್ ಒಹಾಯೊ ಸ್ಟೇಟನ್ನು 30-24ರಿಂದ ಸೋಲಿಸಿತು. 2024ರ ಜನವರಿ 8ರಂದು ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34-13ರಿಂದ ಸೋಲಿಸಿ ರಾಷ್ಟ್ರದ ಚಾಂಪಿಯನ್ ಆಯಿತು. ಹಾರ್ಬಾ ವೃತ್ತಿಪರ ತಂಡವೊಂದಕ್ಕೆ ಹೊರಟುಹೋದರು. ಅದೇ ವರ್ಷದಿಂದ ಕಾಲೇಜು ಆಟಗಾರನ ಶಿರಸ್ತ್ರಾಣದೊಳಗೆ ರೇಡಿಯೊ ಇಟ್ಟು ಕೋಚ್ ನೇರವಾಗಿ ಮಾತನಾಡಬಹುದೆಂದು ನಿಯಮ ಬದಲಾಯಿತು. ಕೈಸನ್ನೆಗಳ ಆ ಭಾಷೆಯ ಕೆಲಸ ಬಹುಪಾಲು ಮುಗಿದಂತಾಯಿತು. ವಿಚಾರಣೆ ಮಾತ್ರ ನಡೆಯುತ್ತಲೇ ಇತ್ತು. ನಾವು ಊರಿಗೆ ಮರಳಿದೆವು, ಮೊಮ್ಮಗಳು ಪದವಿ ಮುಗಿಸಿ ಶಿಕಾಗೋದಲ್ಲಿ ಕೆಲಸಕ್ಕೆ ಸೇರಿದಳು.

ತೀರ್ಪು ಬಂದದ್ದು 2025ರ ಆಗಸ್ಟ್ 15ರಂದು. ಸ್ಟಾಲಿಯನ್ಸ್ ಎಂಟು ವರ್ಷ, ಹಾರ್ಬಾ ಹತ್ತು ವರ್ಷ ಕಾಲೇಜು ಆಟದಿಂದ ಬಹುಮಟ್ಟಿಗೆ ದೂರ. ವಿಶ್ವವಿದ್ಯಾಲಯಕ್ಕೆ ಎರಡು ಕೋಟಿ ಡಾಲರ್ ಮೀರಬಹುದಾದ ದಂಡ. ಋತುವಿನ ಕೊನೆಯ ಪಂದ್ಯಗಳಿಂದ ತಂಡವನ್ನು ಹೊರಗಿಡುವಷ್ಟು ದೊಡ್ಡ ತಪ್ಪೇ ಇದು, ಆದರೆ ಹಾಗೆ ಮಾಡಿದರೆ ಏನೂ ಅರಿಯದ ಈಗಿನ ಆಟಗಾರರಿಗೆ ಅನ್ಯಾಯವಾಗುತ್ತದೆ ಎಂದು ಸಮಿತಿ ಹೇಳಿತು. ಡಲ್ಲಾಸಿನ ಆ ಮೊದಲ ವರ್ಷದ ಹುಡುಗರು ನಮಗೆ ನೆನಪಾದರು. ಗೆಲುವುಗಳು ಉಳಿದವು, ಕಪ್ಪೂ ಉಳಿಯಿತು. "ದಂಡ ಕಟ್ಟಿ ಕಪ್ಪು ಕೊಂಡರು" ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದರು.

ಮೊಮ್ಮಗಳ ಫೋನು ಎರಡು ದಿನ ತಡವಾಗಿ ಬಂದಿತು. ತೀರ್ಪಿನ ವರದಿಯನ್ನು ಪೂರ್ತಿ ಓದಿದ್ದಳಂತೆ. ವಿಚಾರಣೆ ಆರಂಭವಾದಾಗ ಸ್ಟಾಲಿಯನ್ಸ್ ತನ್ನ ಫೋನನ್ನು ಕೊಳಕ್ಕೆ ಎಸೆದದ್ದು ಅದರಲ್ಲಿದೆ. ದೂರದರ್ಶನದ ಮುಂದೆ ಅತ್ತಿದ್ದ ಶೆರೋನ್ ಮೂರ್, ಸುದ್ದಿ ಹೊರಬಿದ್ದ ಹೊತ್ತಿನಲ್ಲಿ ಸ್ಟಾಲಿಯನ್ಸ್ ಜತೆಗಿನ 52 ಸಂದೇಶಗಳನ್ನು ಅಳಿಸಿಹಾಕಿದ್ದೂ ಇದೆ. ಅದಾವುದನ್ನೂ ಅವಳು ಹೆಚ್ಚು ಹೇಳಲಿಲ್ಲ. ಅವಳು ಕೇಳಿದ್ದು 2021ರ ನವೆಂಬರ್ 27ರ ಸಂಗತಿ. ಅವಳು ಮೊದಲ ವರ್ಷದಲ್ಲಿದ್ದಳು, ಹಿಮ ಬೀಳುತ್ತಿತ್ತು, ಎಂಟು ಬಾರಿ ಸತತ ಸೋತಿದ್ದ ಮಿಷಿಗನ್ ಅಂದು ಒಹಾಯೊ ಸ್ಟೇಟನ್ನು 42-27ರಿಂದ ಸೋಲಿಸಿತ್ತು, ವಿದ್ಯಾರ್ಥಿಗಳೆಲ್ಲ ಮೈದಾನಕ್ಕೆ ಧುಮುಕಿದ್ದರು, ಅವಳೂ. ಆ ಹಿಮದಲ್ಲಿ ನಿಂತು ತಂದೆಗೆ ಫೋನು ಮಾಡಿ ಕೂಗಿದ್ದಳು.

"ಅಜ್ಜೀ, ಅದು ಆ ಮೂರು ವರ್ಷಗಳ ಒಳಗೇ ಬರುತ್ತದೆ" ಎಂದಳು.

ನಾವು ಏನು ಹೇಳಬಹುದಿತ್ತು? ಹಿಮ ಬಿದ್ದದ್ದು ನಿಜವೇ ಎಂದೆವು. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಆರೋಗ್ಯ ವಿಚಾರಿಸಿ, ತೋಟದಲ್ಲಿ ಅಡಿಕೆಗೆ ಈ ವರ್ಷ ಕೊಳೆರೋಗ ಹೇಗಿದೆ ಎಂದು ಕೇಳಿ, ಆಗಸ್ಟ್ 30ರಂದು ಆನ್ ಆರ್ಬರಿಗೆ ಹೋಗುತ್ತಿದ್ದೇನೆ ಎಂದಳು. ಋತುವಿನ ಮೊದಲ ಪಂದ್ಯ, ನ್ಯೂ ಮೆಕ್ಸಿಕೊ ವಿರುದ್ಧ. ಟಿಕೆಟು ಕೊಂಡಾಗಿದೆಯಂತೆ.

"ಇಷ್ಟೆಲ್ಲ ಓದಿದ ಮೇಲೂ?" ಎಂದು ಕೇಳಿದೆವು.

"ಹೋಗದೆ ಇರುತ್ತೇನಾ ಅಜ್ಜಾ? ಅಪ್ಪನೂ ಬರುತ್ತಾರೆ" ಎಂದಳು. ಯಾವ ಬಣ್ಣದ ಅಂಗಿ ತೊಟ್ಟು ಎಂದು ಕೇಳುವಷ್ಟರಲ್ಲಿ ಸಾಲು ಕಡಿದುಹೋಯಿತು.